ಮಾರಾಟವಾದ ಮಲ್ಲ

ದೇವಸಮುದ್ರ
12 ಜೂನ್ 2024

ಗಂಗರಾಜು ಮೇಷ್ಟ್ರಿಗೆ ಆಶಾಳ ನಮಸ್ಕಾರ.

ನನ್ನ ನೆನಪು ನಿಮಗೆ ಇರಲಿಕ್ಕಿಲ್ಲ. ಏಪ್ರಿಲಿನಲ್ಲಿ ಚಳ್ಳಕೆರೆಯ ಬೇಸಿಗೆ ಶಿಬಿರದಲ್ಲಿ ಮೂರು ದಿನ ಚಿತ್ರ ಕಲಿಸಿದಿರಲ್ಲ, ಆಗ ಹಿಂದಿನ ಸಾಲಿನಲ್ಲಿ ಕೂತು ಬರೀ ಕುರಿ ಬರೆಯುತ್ತಿದ್ದವಳು ನಾನು. 'ಇವಳೊಬ್ಬಳು ಇಲ್ಲಿಗೂ ಕುರಿ ಹೊಡ್ಕೊಂಡು ಬಂದವ್ಳೆ' ಎಂದು ಎಲ್ಲರೆದುರು ನಗಾಡಿದಿರಿ. ಕೊನೆಯ ದಿನ ಮಾತ್ರ ನನ್ನ ಹಾಳೆ ಎತ್ತಿ ಹಿಡಿದು, 'ನೋಡ್ರೋ ಇಲ್ಲಿ, ಉಣ್ಣೆ ಅಂದ್ರೆ ಇದು' ಎಂದಿರಿ. ನಿಮಗೆ ಕಿವಿ ಕೇಳಿಸುವುದಿಲ್ಲ, ಫೋನು ಮಾಡಿ ಉಪಯೋಗವಿಲ್ಲ, ಏನಿದ್ದರೂ ಪತ್ರ ಬರೆಯಿರಿ ಎಂದು ಬೋರ್ಡಿನ ಮೇಲೆ ವಿಳಾಸ ಬರೆದಿದ್ದಿರಿ. ಬರೆದುಕೊಂಡವಳು ನಾನೊಬ್ಬಳೇ ಅಂತ ಕಾಣುತ್ತದೆ.

ನಾನು ಮೊಳಕಾಲ್ಮುರಿನ ಒಂದು ರೇಷ್ಮೆ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಬಂದವರಿಗೆ ಸೀರೆ ಬಿಚ್ಚಿ ತೋರಿಸುವುದು, ಅವರು ಹೋದ ಮೇಲೆ ಮಡಿಸುವುದು. ಅಪ್ಪ ದೊಡ್ಡಪಾಲಯ್ಯ ನಮ್ಮ ಹಟ್ಟಿಯ ಕಿಲಾರಿ. ದೇವರಿಗೆ ಬಿಟ್ಟ ಎತ್ತುಗಳನ್ನು ಕಾಯುವುದು ಅವನ ಕೆಲಸ. ಅವನ ಅಪ್ಪನದೂ ತಾತನದೂ ಅದೇ ಕೆಲಸವಾಗಿತ್ತು. ನಮಗೆ ಹೊಲ ಇಲ್ಲ, ಹಣ ಇಲ್ಲ. ಆದರೆ ಅಪ್ಪ ಕಿಲಾರಿ ಕೋಲು ಹಿಡಿದು ಬಂದರೆ ಹಟ್ಟಿಯ ಯಜಮಾನರೂ ಎದ್ದು ನಿಲ್ಲುತ್ತಾರೆ. ಅಪ್ಪನ ಬದುಕಿನಲ್ಲಿ ಇರುವುದು ಅದೊಂದೇ.

ನನ್ನ ಪ್ರಶ್ನೆ ಇಷ್ಟು. ಚಿತ್ರ ಮಾರಿ ಬದುಕಬಹುದೇ? 'ಚಿತ್ರ ಬರ್ದು ಯಾರವ್ವ ಉದ್ಧಾರ ಆಗ್ಯವ್ರೆ' ಅಂತ ನಮ್ಮವ್ವ ಬೋರಕ್ಕ ದಿನಾ ಕೇಳುತ್ತಾಳೆ. ನನಗೆ ಒಂದು ಹೆಸರೂ ಹೇಳಲು ಬರುವುದಿಲ್ಲ. ನಿಮ್ಮ ಹೆಸರು ಹೇಳಲೇ?

ಆಶಾ


ಚಳ್ಳಕೆರೆ
21 ಜೂನ್ 2024

ಆಶಾ,

ಧಾರಾಳವಾಗಿ ಹೇಳು. ನಲವತ್ತು ವರ್ಷ ಬಣ್ಣವನ್ನೇ ಉಂಡು ಬಣ್ಣವನ್ನೇ ಉಟ್ಟವನು ನಾನು. ನನ್ನ ಚಿತ್ರಗಳು ದಾವಣಗೆರೆಯಲ್ಲಿ, ಬಳ್ಳಾರಿಯಲ್ಲಿ ದೊಡ್ಡ ಮನೆಗಳ ಹಾಲಿನಲ್ಲಿವೆ ಅಂತ ನಿಮ್ಮವ್ವನಿಗೆ ಹೇಳು.

ಈಗ ಗಮನವಿಟ್ಟು ಓದು. ನೆಂಟರಿಗೆ ಪುಕ್ಕಟೆ ಬರೆದು ಕೊಡುವುದನ್ನು ಇವತ್ತಿನಿಂದ ನಿಲ್ಲಿಸು. ಪುಕ್ಕಟೆ ಬಂದ ಚಿತ್ರವನ್ನು ಜನ ಅಡುಗೆಮನೆ ಬಾಗಿಲ ಹಿಂದೆ ನೇತುಹಾಕುತ್ತಾರೆ, ಕಾಸು ಕೊಟ್ಟಿದ್ದನ್ನು ಟಿವಿ ಮೇಲೆ. ಬೆಲೆ ಹೇಳುವಾಗ ನೆಲ ನೋಡಬೇಡ, ಅವರ ಮುಖ ನೋಡು. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರು, 'ನೀವು ಎಷ್ಟು ಕೊಡ್ತೀರಾ ಕೊಡಿ' ಅಂತ ಹಲ್ಲು ಕಿರಿಯಬೇಡ. ಸಹಿ ಹಾಕುವುದನ್ನು ಮರೆಯಬೇಡ. ಮತ್ತೆ, ಸೂರ್ಯ ಮುಳುಗುವುದು, ಕೊಡ ಹೊತ್ತ ಹೆಂಗಸು, ಹಂಸ, ಇವನ್ನೆಲ್ಲ ದಯವಿಟ್ಟು ಮುಟ್ಟಬೇಡ. ಅವು ಕ್ಯಾಲೆಂಡರಿನಲ್ಲಿ ಬೇಕಾದಷ್ಟಿವೆ. ನಿನ್ನ ಹಟ್ಟಿಯಲ್ಲಿ ಮಾತ್ರ ಇರುವುದು, ಬೇರೆ ಯಾರೂ ಕಂಡಿರದದ್ದು ಏನಿದೆಯೋ ಅದನ್ನು ಬರೆ. ಕೊಳ್ಳುವವನು ಚಿತ್ರದ ಜೊತೆ ಒಂದು ಕಥೆಯನ್ನೂ ಕೊಳ್ಳುತ್ತಾನೆ.

ಒಳ್ಳೆಯದೊಂದು ಬರೆದು ನನಗೆ ಕಳಿಸು. ದಾವಣಗೆರೆಯಲ್ಲಿ ಸೆಪ್ಟೆಂಬರಿಗೆ ಒಂದು ಪ್ರದರ್ಶನವಿದೆ. ಅಲ್ಲಿ ನನ್ನ ಮಾತು ನಡೆಯುತ್ತದೆ.

ಗಂಗರಾಜು


ದೇವಸಮುದ್ರ
30 ಆಗಸ್ಟ್ 2024

ಪ್ರೀತಿಯ ಮೇಷ್ಟ್ರಿಗೆ,

ನೀವು ಹೇಳಿದಂತೆ ಮಾಡಿದೆ, ಮೊದಲ ಏಟು ಮನೆಯಲ್ಲೇ ಬಿತ್ತು. ನಮ್ಮ ಚಿಕ್ಕವ್ವ ಗೀತಮ್ಮ ಹೊಸ ಮನೆಗೆ ಲಕ್ಷ್ಮಿ ಚಿತ್ರ ಕೇಳಿದಳು. ಮುಖ ನೋಡಿ ಬೆಲೆ ಹೇಳಿ ಬಾಯಿ ಮುಚ್ಚಿಕೊಂಡೆ. 'ಏನೇ, ನನ್ನ ಸೊಂಟದ ಮ್ಯಾಲೆ ಬೆಳ್ದೋಳು ನನಗೇ ರೇಟು ಹೇಳ್ತೀಯಾ?' ಎಂದು ಎದ್ದು ಹೋದಳು. ಗೃಹಪ್ರವೇಶಕ್ಕೆ ನನ್ನೊಬ್ಬಳನ್ನು ಬಿಟ್ಟು ಎಲ್ಲರನ್ನೂ ಕರೆದಳು. ಅವತ್ತು ಅತ್ತುಬಿಟ್ಟೆ, ನಿಜ ಹೇಳುತ್ತೇನೆ. ಆಮೇಲೆ ನಿಮ್ಮ ಪತ್ರ ಮತ್ತೊಮ್ಮೆ ಓದಿಕೊಂಡೆ.

ಚಿತ್ರ ಒಂದು ಮುಗಿದಿದೆ. ನಮ್ಮ ದೇವರ ಎತ್ತುಗಳಲ್ಲಿ ಎಲ್ಲಕ್ಕಿಂತ ಹಿರಿಯನು ಮಲ್ಲ. ಈ ಎತ್ತುಗಳಿಗೆ ನೊಗ ಹೂಡುವುದಿಲ್ಲ, ಮೂಗುದಾರ ಹಾಕುವುದಿಲ್ಲ, ಮಾರುವ ಮಾತಂತೂ ಇಲ್ಲವೇ ಇಲ್ಲ. ನಮ್ಮ ಹಟ್ಟಿಯಲ್ಲಿ ಅವುಗಳ ಸಗಣಿ ಕೂಡ ಮಾರುವುದಿಲ್ಲ. ಸತ್ತರೆ ಮನುಷ್ಯರಿಗೆ ಮಾಡುವ ಹಾಗೆ ಮಣ್ಣು ಮಾಡುತ್ತಾರೆ. ಮಲ್ಲನನ್ನು ಅಪ್ಪ ಕರುವಿನಿಂದ ಸಾಕಿದ್ದಾನೆ. ಬೇರೆಲ್ಲೂ ಇಲ್ಲದ್ದು ಬರೆ ಎಂದಿರಲ್ಲ, ನನಗೆ ಅವನೇ ಕಣ್ಣಿಗೆ ಬಂದ. ಮನೆಯಲ್ಲಿ ಜಾಗವಿಲ್ಲದೆ ಅಂಗಡಿಯ ಗೆಳತಿ ಶಾಂತಕುಮಾರಿಯ ರೂಮಿನಲ್ಲಿಟ್ಟು ಎರಡು ತಿಂಗಳು ಬರೆದೆ. ಚಳ್ಳಕೆರೆ ಬಸ್ಸಿನ ಕಂಡಕ್ಟರ್ ಪ್ರದೀಪಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ.

ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅಂತಲೇ ಬರೆಯಿರಿ. ತಡೆದುಕೊಳ್ಳುತ್ತೇನೆ.

ನಿಮ್ಮ ಶಿಷ್ಯೆ
ಆಶಾ


ಚಳ್ಳಕೆರೆ
24 ಸೆಪ್ಟೆಂಬರ್ 2024

ಆಶಾ,

ಮೊದಲು ಒಂದು ಲೋಟ ನೀರು ಕುಡಿ. ಕುಡಿದೆಯಾ? ನಿನ್ನ ಮಲ್ಲ ಮಾರಾಟವಾಗಿದ್ದಾನೆ.

ದಾವಣಗೆರೆಯವರೇ ಒಬ್ಬ ವಯಸ್ಸಾದ ಡಾಕ್ಟರು. ಮೂರನೇ ದಿನ ಬಂದರು. ಸುತ್ತ ಅಷ್ಟೊಂದು ಚಿತ್ರಗಳಿದ್ದರೂ ನಿನ್ನದರ ಮುಂದೆ ಬಹಳ ಹೊತ್ತು ನಿಂತರು. ದೇವರ ಎತ್ತಿನ ಕಥೆ ಹೇಳಿದೆ. ಚೌಕಾಸಿ ಮಾಡದೆ ಎಂಟು ಸಾವಿರ ಕೊಟ್ಟರು. ಲಕೋಟೆಯನ್ನು ಅದೇ ಪ್ರದೀಪನ ಕೈಯಲ್ಲಿ ಕಳಿಸಿದ್ದೇನೆ, ಎಣಿಸಿಕೋ. ಎಷ್ಟು ಜೀವಂತವಾಗಿ ಬರೆದಿದ್ದೀಯೆ ಅಂತ ಅಲ್ಲಿ ಎಲ್ಲರೂ ಹೇಳಿದರು.

ಇನ್ನು ಸೀರೆ ಮಡಿಸುವುದು ಸಾಕು. ಕೈ ಅಲ್ಲಿ ಸವೆದರೆ ಇಲ್ಲಿಗೆ ಏನು ಉಳಿಯುತ್ತದೆ? ಅರೆಮನಸ್ಸಿನವರನ್ನು ಕಲೆ ಹತ್ತಿರ ಸೇರಿಸುವುದಿಲ್ಲ.

ಗಂಗರಾಜು


ದೇವಸಮುದ್ರ
6 ಅಕ್ಟೋಬರ್ 2024

ಪ್ರೀತಿಯ ಮೇಷ್ಟ್ರಿಗೆ,

ನಿಮ್ಮ ಪತ್ರವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ, ಮಡಿಕೆಯಲ್ಲಿ ಹರಿದುಹೋಗಿದೆ. ಅವ್ವನಿಗೆ ಲಕೋಟೆ ಕೊಟ್ಟಾಗ ಅವಳು ದುಡ್ಡನ್ನು ನೋಡಲಿಲ್ಲ, ನನ್ನನ್ನು ನೋಡಿದಳು. 'ಯಾರೋ ಗೊತ್ತಿಲ್ದೋರು ನೀನು ಬರ್ದಿದ್ದನ್ನ ಕೊಂಡ್ರಾ?' ಎಂದು ಮೂರು ಸಲ ಕೇಳಿದಳು. ಆ ಮಾತಿಗೆ ನಾನು ಇನ್ನು ಹತ್ತು ವರ್ಷ ಬರೆಯಬಲ್ಲೆ. ಸೀರೆ ಅಂಗಡಿ ಬಿಟ್ಟಿದ್ದೇನೆ. ನನ್ನ ಜಾಗಕ್ಕೆ ಮಾರನೇ ದಿನವೇ ಬೇರೆ ಹುಡುಗಿ ಬಂದಳಂತೆ, ಬರಲಿ ಬಿಡಿ.

ಒಂದು ಸಣ್ಣ ವಿಷಯ. ನನ್ನ ತಮ್ಮ ಲೋಹಿತ ಖುಷಿಗೆ ಫೋನಿನ ಸ್ಟೇಟಸ್ಸಿನಲ್ಲಿ 'ನಮ್ಮಕ್ಕ ಬರೆದ ಮಲ್ಲ ದಾವಣಗೆರೆಗೆ ಮಾರಾಟ' ಎಂದು ಹಾಕಿಬಿಟ್ಟ. ಹಟ್ಟಿಯ ಯಜಮಾನ ಕ್ಯಾತಪ್ಪಜ್ಜ ಸಂಜೆ ಮನೆಗೆ ಬಂದು, 'ಏನಪ್ಪಾ ಕಿಲಾರಿ, ಸಗಣಿ ಮಾರದ ಹಟ್ಟ್ಯಾಗೆ ನಿನ್ನ ಮಗಳು ಮಲ್ಲನ ರೂಪಾನೇ ಮಾರ್‍ಯಾಳಂತೆ' ಎಂದರು. 'ಓದಿರೋಳು, ತಪ್ಪು ಮಾಡಲ್ಲ' ಎಂದ ಅಪ್ಪ. ಅವರು ಹೋದ ಮೇಲೆ ನನ್ನನ್ನು ಏನೂ ಕೇಳಲಿಲ್ಲ. ನಾನು ತಪ್ಪು ಮಾಡಿದೆನೇ? ಆ ಡಾಕ್ಟರ ವಿಳಾಸ ಕೊಡಿ, ಒಂದು ಕಾಗದ ಬರೆದು ನಮಸ್ಕಾರ ಹೇಳುತ್ತೇನೆ.

ಆಶಾ


ಚಳ್ಳಕೆರೆ
15 ಅಕ್ಟೋಬರ್ 2024

ಆಶಾ,

ಹಟ್ಟಿಯವರು ಮಾತಾಡುತ್ತಿದ್ದಾರೆ ಎಂದರೆ ನಿನ್ನ ಹೆಸರು ಹರಡುತ್ತಿದೆ ಎಂದರ್ಥ. ಬಿಟ್ಟಿ ಪ್ರಚಾರ, ಖುಷಿ ಪಡು. ಎತ್ತು ಬೇರೆ, ಚಿತ್ರ ಬೇರೆ ಅನ್ನುವುದು ಗೊತ್ತಿಲ್ಲದವರ ಮಾತಿಗೆ ತಲೆ ಕೆಡಿಸಿಕೊಂಡರೆ ನೀನು ಮತ್ತೆ ಹಂಸ ಬರೆಯಬೇಕಾಗುತ್ತದೆ.

ಕೊಂಡವರ ವಿಳಾಸ ಕೇಳಬಾರದು. ಅದು ಈ ವ್ಯಾಪಾರದ ಶಿಸ್ತು. ನಡುವೆ ಇರುವವನ ಮೂಲಕವೇ ಎಲ್ಲ ನಡೆಯಬೇಕು. ನಿನ್ನ ನಮಸ್ಕಾರ ನಾನೇ ತಲುಪಿಸುತ್ತೇನೆ. ಜನವರಿಯೊಳಗೆ ಇನ್ನೂ ಮೂರು ಎತ್ತು ಬರೆ.

ಗಂಗರಾಜು


ದೇವಸಮುದ್ರ
14 ನವೆಂಬರ್ 2024

ಮೇಷ್ಟ್ರೇ,

ಮೊನ್ನೆ, ಹನ್ನೆರಡನೇ ತಾರೀಖು ಮಲ್ಲ ಸತ್ತ. ಎರಡು ದಿನ ಮೇವು ಮುಟ್ಟಲಿಲ್ಲ, ಮೂರನೇ ದಿನ ಮಲಗಿದವನು ಏಳಲಿಲ್ಲ. ವಯಸ್ಸಾಗಿತ್ತು ಅಂತ ಪಶು ಡಾಕ್ಟರು ಹೇಳಿದರು. ಹಟ್ಟಿಯವರು ಅದನ್ನು ಒಪ್ಪುತ್ತಿಲ್ಲ. ರೂಪ ಮಾರಿದ್ದಕ್ಕೇ ಜೀವ ಹೋಯಿತು ಎನ್ನುತ್ತಾರೆ. ಮಲ್ಲನಿಗೆ ಮಣ್ಣು ಹಾಕಲು ಅಪ್ಪನನ್ನು ಬಿಡಲಿಲ್ಲ. ದೂರದಲ್ಲಿ ನಿಂತು ನೋಡಿದ.

ಹನ್ನೊಂದನೇ ದಿನ, ಅಂದರೆ 22ನೇ ತಾರೀಖು, ಮಲ್ಲನ ಸಮಾಧಿಗೆ ಕಲ್ಲು ನಿಲ್ಲಿಸುತ್ತಾರೆ. 'ಅಷ್ಟರಾಗೆ ಆ ಚಿತ್ರ ತಂದು ಹಟ್ಟಿ ಮುಂದೆ ಇಡ್ಬೇಕು. ನಾವೆಲ್ಲ ನೋಡಿ ಕಲ್ಲಿನ ಬುಡಕ್ಕೆ ಹೂಳ್ತೀವಿ, ತಪ್ಪು ಅಲ್ಲಿಗೆ ಮುಗೀತೈತೆ. ತರ್ಲಿಲ್ಲ ಅಂದ್ರೆ ಕೋಲು ಬೇರೆ ಮನೆಗೆ ಹೋಗ್ತೈತೆ' ಎಂದು ಕ್ಯಾತಪ್ಪಜ್ಜ ತೀರ್ಮಾನ ಹೇಳಿದ್ದಾರೆ. ಅಲ್ಲಿಯವರೆಗೆ ನಮ್ಮ ಮನೆಗೆ ಸೂತಕ, ನಾವು ಯಾರೂ ಹಟ್ಟಿಯ ಎಲ್ಲೆ ದಾಟುವಂತಿಲ್ಲ. ಇಲ್ಲದಿದ್ದರೆ ಈ ಪತ್ರದ ಬದಲು ನಾನೇ ಬರುತ್ತಿದ್ದೆ. ಪ್ರದೀಪಣ್ಣನನ್ನು ರಸ್ತೆಯಲ್ಲೇ ಕರೆದು ಕೊಟ್ಟಿದ್ದೇನೆ.

ನಿಮ್ಮ ಕಾಲಿಗೆ ಬೀಳುತ್ತೇನೆ, ಆ ಡಾಕ್ಟರ ಹತ್ತಿರ ಹೋಗಿ ಚಿತ್ರ ವಾಪಸ್ಸು ತನ್ನಿ. ದುಡ್ಡು ಹಾಗೆಯೇ ಇದೆ, ಒಂದು ನೋಟೂ ತೆಗೆದಿಲ್ಲ. ಅವರಿಗೆ ಬೇರೆ ಎರಡು ಚಿತ್ರ ಬರೆದುಕೊಡುತ್ತೇನೆ ಎಂದು ಹೇಳಿ.

ಆಶಾ


ಚಳ್ಳಕೆರೆ
16 ನವೆಂಬರ್ 2024

ಆಶಾ,

ನಿನ್ನ ಪತ್ರ ಓದಿ ಸಂಕಟವಾಯಿತು. ಆದರೆ ಸ್ವಲ್ಪ ಯೋಚಿಸು. ಮಾರಿದ ಚಿತ್ರವನ್ನು ವಾಪಸ್ಸು ಕೇಳಿದ ಕಲಾವಿದೆಯ ಚಿತ್ರವನ್ನು ಆಮೇಲೆ ಯಾರೂ ಕೊಳ್ಳುವುದಿಲ್ಲ. ಮೊದಲ ಗಿರಾಕಿಯ ಹತ್ತಿರವೇ ಹೆಸರು ಕೆಡಿಸಿಕೊಂಡರೆ ಮುಗಿಯಿತು. ನಿಮ್ಮ ಯಜಮಾನರಿಗೆ ಸಮಾಧಾನವಾಗಿ ತಿಳಿಹೇಳಿ ನೋಡು, ದೊಡ್ಡ ಮನಸ್ಸಿನವರು ಇರಬಹುದು.

ಡಾಕ್ಟರು ಮಗಳ ಮನೆಗೆ ಹೋಗಿದ್ದಾರೆಂದು ತಿಳಿಯಿತು. ಬಂದ ಕೂಡಲೇ ಪ್ರಸ್ತಾಪ ಮಾಡುತ್ತೇನೆ. ಧೈರ್ಯವಾಗಿರು.

ಗಂಗರಾಜು


ದೇವಸಮುದ್ರ
18 ನವೆಂಬರ್ 2024

ಮೇಷ್ಟ್ರೇ,

ಹೆಸರು ಹಾಳಾಗಿ ಹೋಗಲಿ. ನನಗೆ ಹೆಸರು ಬೇಡ, ಗಿರಾಕಿ ಬೇಡ. ಚಿತ್ರ ತನ್ನಿ.

ಅಪ್ಪ ಎತ್ತುಗಳನ್ನು ಕೂಡಿಹಾಕುವ ರೊಪ್ಪದ ಬೇಲಿಯ ಆಚೆ ಕೂತಿರುತ್ತಾನೆ. ಒಳಗೆ ಹೋಗುವಂತಿಲ್ಲ. ಉಳಿದ ಎತ್ತುಗಳು ಅವನ ದನಿ ಕೇಳಿ ಬೇಲಿಗೆ ಬಂದು ನಿಲ್ಲುತ್ತವೆ, ಅವಕ್ಕೆ ಸೂತಕದ ಲೆಕ್ಕ ತಿಳಿಯುವುದಿಲ್ಲ. ನಿನ್ನೆ ಅವ್ವ ನನ್ನನ್ನು ಬಾಯಿಗೆ ಬಂದಂತೆ ಬೈದಳು. ಅಪ್ಪ ಮಾತ್ರ, 'ಸುಮ್ಕಿರೇ, ಮೇಷ್ಟ್ರು ದೊಡ್ಡೋರು, ಹೆಂಗಾದ್ರೂ ತಂದುಕೊಡ್ತಾರೆ' ಎಂದ. ಅವನು ನಿಮ್ಮ ಮುಖ ಕೂಡ ನೋಡಿಲ್ಲ.

ಇನ್ನು ನಾಲ್ಕು ದಿನ.

ಆಶಾ


ಚಳ್ಳಕೆರೆ
25 ನವೆಂಬರ್ 2024

ಆಶಾ,

ಈ ಪತ್ರದ ಜೊತೆ ಚಿತ್ರ ಬರುತ್ತಿದೆ. ದಿನ ಕಳೆದುಹೋಗಿದೆ ಎಂದು ಗೊತ್ತು. 20ನೇ ತಾರೀಖೂ 21ನೇ ತಾರೀಖೂ ಇದನ್ನು ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಎರಡು ದಿನವೂ ಪ್ರದೀಪನ ಬಸ್ಸು ನನ್ನ ಕಣ್ಣ ಮುಂದೆಯೇ ಹೊರಟುಹೋಯಿತು. ಕೈ ಮುಂದೆ ಬರಲಿಲ್ಲ. ಡಾಕ್ಟರು ಊರಲ್ಲಿಲ್ಲ ಎಂದು ಬರೆದಿದ್ದೆನಲ್ಲ, ಆಗಲೇ ಕಳಿಸಿದ್ದರೆ ನಿನಗೆ ಎಲ್ಲ ಗೊತ್ತಾಗುತ್ತಿತ್ತು.

ಡಾಕ್ಟರು ಯಾರೂ ಇಲ್ಲ. ನಿನ್ನ ಚಿತ್ರವನ್ನು ದಾವಣಗೆರೆಯಲ್ಲಿ ಮೂರು ದಿನ ಗೋಡೆಗೆ ಹಾಕಿದ್ದೆ, ಯಾರೂ ಕೇಳಲಿಲ್ಲ. ಅದನ್ನು ನಿನಗೆ ಬರೆಯಲು ಮನಸ್ಸಾಗಲಿಲ್ಲ. ಬೋರ್ಡು ಬರೆಯಲು ಇಟ್ಟುಕೊಂಡಿದ್ದ ಏಣಿ, ಬಣ್ಣ ಹೊಡೆಯುವ ಮಿಷನ್ನು ಎರಡನ್ನೂ ಮಾರಿ ಆ ಎಂಟು ಸಾವಿರ ಕಳಿಸಿದೆ. ಫ್ಲೆಕ್ಸ್ ಬಂದ ಮೇಲೆ ಅವಕ್ಕೂ ಕೆಲಸವಿರಲಿಲ್ಲ. ಇನ್ನೊಂದು ಸುಳ್ಳನ್ನೂ ಒಪ್ಪಿಕೊಂಡುಬಿಡುತ್ತೇನೆ. ಯಾರ ಹಾಲಿನಲ್ಲೂ ನನ್ನ ಚಿತ್ರವಿಲ್ಲ. ನಲವತ್ತು ವರ್ಷ ಎಣ್ಣೆ ಮಿಲ್ಲುಗಳ ಹೆಸರು ಬರೆದೆ, ಲಾರಿಗಳ ಹಿಂದೆ ಗಿಳಿ ಬರೆದೆ. ಚಿತ್ರ ಅಂತ ಬರೆದದ್ದು ಒಂದೂ ಮಾರಾಟವಾಗಲಿಲ್ಲ. ನನಗೆ ಆಗದ್ದು ನಿನಗಾದರೂ ಆಯಿತು ಎಂದು ನೀನು ನಂಬಿದರೆ ಸಾಕು, ಮುಂದೆ ತಾನಾಗಿ ಆಗುತ್ತದೆ ಎಂದುಕೊಂಡೆ. ಒಳ್ಳೆಯದಕ್ಕೇ ಮಾಡಿದೆ, ಅಷ್ಟನ್ನು ನಂಬು.



ಗಂಗರಾಜು


ದೇವಸಮುದ್ರ
3 ಡಿಸೆಂಬರ್ 2024

ಗಂಗರಾಜು ಅವರಿಗೆ,

ಚಿತ್ರ ಬಂತು. ಮೂರು ದಿನ ಗೋಡೆಗೆ ಹಾಕಿದ್ದೆ ಎಂದು ಬರೆದಿದ್ದೀರಿ. ಅದನ್ನು ನಾನು ಹಳೆ ಕಂಬಳಿಯ ತುಂಡಿನಲ್ಲಿ ಸುತ್ತಿ, ಕಪ್ಪು ಉಣ್ಣೆ ದಾರದಲ್ಲಿ ಸುತ್ತಲೂ ಹೊಲಿದು ಕಳಿಸಿದ್ದೆ. ಆ ಹೊಲಿಗೆ ಒಂದೂ ಬಿಚ್ಚಿರಲಿಲ್ಲ. ನಾನು ಹಾಕಿದ ಗಂಟು ನಾನು ಹಾಕಿದಂತೆಯೇ ಇತ್ತು. ನೀವು ಅದನ್ನು ಯಾರಿಗೂ ತೋರಿಸಿಲ್ಲ, ನೀವೂ ನೋಡಿಲ್ಲ. ನಿಜ ಹೇಳುತ್ತೇನೆ ಎಂದು ಕೂತು ಬರೆದ ಪತ್ರದಲ್ಲೂ ಸುಳ್ಳು ಹೇಳಿದ್ದೀರಿ. ನಿಮಗೆ ನನ್ನ ಚಿತ್ರ ಬೇಕಿರಲಿಲ್ಲ, ನಿಮ್ಮ ಸಲಹೆ ಕೇಳುವವಳೊಬ್ಬಳು ಬೇಕಿತ್ತು. ನಲವತ್ತು ವರ್ಷ ನಿಮ್ಮನ್ನು ಯಾರೂ ಮೇಷ್ಟ್ರೇ ಎಂದು ಕರೆದಿರಲಿಲ್ಲವೇನೋ.

ಹೊಲಿಗೆ ಬಿಚ್ಚಿದವನು ಅಪ್ಪ. 22ನೇ ತಾರೀಖೇ ಕೋಲು ಹೋಗಿತ್ತು. ಕ್ಯಾತಪ್ಪಜ್ಜ ಅಪ್ಪನ ಕೈಯಿಂದಲೇ ಅದನ್ನು ಹಟ್ಟಿಯ ಇನ್ನೊಂದು ಮನೆಯ ತಿಪ್ಪೇರುದ್ರನಿಗೆ ಕೊಡಿಸಿದರು. ಈಗ ಚಿತ್ರ ಬಂದು ಏನಾಗಬೇಕು ಎಂದು ನಾನು ಅದನ್ನು ಒಲೆಗೆ ಹಾಕಲು ಹೊರಟಿದ್ದೆ. 'ನಮ್ಮ ಮಲ್ಲನ್ನ ಒಂದ್ಸಲ ನೋಡ್ತೀನಿ ತಾಯಿ' ಎಂದು ಅಪ್ಪ ಇಸಿದುಕೊಂಡ. ಬಾಗಿಲ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ. ಆಮೇಲೆ, 'ಇವನ್ಯಾರವ್ವ?' ಎಂದ.

'ಮಲ್ಲ ಅಲ್ವೇನಪ್ಪ' ಎಂದೆ.

'ಅಲ್ಲ ಕಣವ್ವ. ಮಲ್ಲನ ಸುಳಿ ಬಲಗಡೆ ಭುಜಕ್ಕಿತ್ತು. ಬಗ್ಗಿದ ಕೊಂಬೂ ಬಲಗಡೇದೇ. ಇವನಿಗೆ ಎಲ್ಲಾ ಎಡಗಡೆ ಐತೆ. ಇವನು ನಮ್ಮ ರೊಪ್ಪದ ಎತ್ತೇ ಅಲ್ಲ.'

ಕಿಲಾರಿಗಳು ಎತ್ತನ್ನು ಗುರುತಿಸುವುದು ಮೈಮೇಲಿನ ಕೂದಲ ಸುಳಿಯಿಂದ. ಸುಳಿ ಬೇರೆಯಾದರೆ ಅವರಿಗೆ ಎತ್ತೇ ಬೇರೆ. ಹೆಂಗಸರು ದೇವರ ಎತ್ತಿನ ರೊಪ್ಪದೊಳಗೆ ಕಾಲಿಡುವಂತಿಲ್ಲ. ಅದಕ್ಕೆ ಲೋಹಿತ ಮಲ್ಲನ ಪಕ್ಕ ನಿಂತು ತೆಗೆದುಕೊಂಡ ಸೆಲ್ಫಿಯಲ್ಲಿ ಅವನನ್ನು ಬಿಟ್ಟು ಎತ್ತನ್ನಷ್ಟೇ ನೋಡಿ ಬರೆದಿದ್ದೆ. ಫೋನು ಕನ್ನಡಿಯ ಹಾಗೆ ಬಲವನ್ನು ಎಡ ಮಾಡಿತ್ತು. ನನಗೆ ಗೊತ್ತಾಗಲಿಲ್ಲ. ಕಿಲಾರಿಯ ಮಗಳಾಗಿ ಗೊತ್ತಾಗಲಿಲ್ಲ.

ಅಪ್ಪ ಬರಲು ಒಪ್ಪಲಿಲ್ಲ, ನಾನೇ ಚಿತ್ರ ಹೊತ್ತುಕೊಂಡು ಕ್ಯಾತಪ್ಪಜ್ಜನ ಮನೆಗೆ ಹೋದೆ. ಅವರೂ ಹಳೆಯ ಕಾಲದವರು, ನೋಡಿದ ತಕ್ಷಣ ಗುರುತಿಸಿದರು. 'ದಿಟ ಪಾಪಾ, ಇದು ಮಲ್ಲ ಅಲ್ಲ. ನಿಮ್ಮ ಮ್ಯಾಲೆ ತಪ್ಪೇ ಇರ್ಲಿಲ್ಲ. ಕಲ್ಲು ನಿಲ್ಸೋಕೆ ಮುಂಚೆ ತಂದಿದ್ರೆ ಎಲ್ರೂ ನೋಡ್ತಿದ್ವಿ, ಕೋಲು ನಿಮ್ಮನ್ಯಾಗೇ ಇರ್ತಿತ್ತು. ಈಗ ದೇವರ ಮುಂದೆ ಕೊಟ್ಟಾಗೈತೆ. ಇನ್ನೊಬ್ಬನ ಕೈಯಿಂದ ಹೆಂಗೆ ಕಿತ್ಕೊಳ್ಳಲಿ?' ಎಂದರು. ಅವರ ಕಣ್ಣಲ್ಲಿ ನೀರಿತ್ತು. ನನಗೆ ಅದರಿಂದ ಏನೂ ಆಗಬೇಕಾಗಿರಲಿಲ್ಲ.

ಎರಡು ದಿನ ಈ ಚಿತ್ರ ಬಸ್ ಸ್ಟ್ಯಾಂಡಿನಲ್ಲಿ ನಿಮ್ಮ ಕೈಯಲ್ಲಿತ್ತು. ನಾನು ನಿಮ್ಮನ್ನು ಕ್ಷಮಿಸುವುದಿಲ್ಲ. ಒಳ್ಳೆಯದಕ್ಕೇ ಮಾಡಿದೆ ಎಂದು ಇನ್ನೊಮ್ಮೆ ಬರೆಯಬೇಡಿ. ನಿಮ್ಮ ಎಂಟು ಸಾವಿರವನ್ನು ಈ ಪತ್ರದ ಜೊತೆ ಪ್ರದೀಪಣ್ಣನ ಕೈಗೆ ಕೊಟ್ಟಿದ್ದೇನೆ.

ಅಪ್ಪ ಈಗ ಕೂಲಿಗೆ ಹೋಗುತ್ತಾನೆ. ಹೊಲಗಳಿಗೆ ಹೋಗುವ ದಾರಿ ಎತ್ತುಗಳು ಮೇಯುವ ಬಯಲಿನ ಪಕ್ಕದಲ್ಲೇ ಇದೆ. ಮೊದಲ ದಿನ ಅವು ಅಪ್ಪನನ್ನು ಕಂಡು ಸಾಲಾಗಿ ಹಿಂದೆ ಹೊರಟವು. ತಿಪ್ಪೇರುದ್ರ ಓಡಿ ಬಂದು ಕೋಲು ಬೀಸಿ ಅಟ್ಟಿದ. ಅಂದಿನಿಂದ ಅಪ್ಪ ಇನ್ನೂ ಕತ್ತಲಿರುವಾಗಲೇ ಎದ್ದು, ಅವುಗಳ ಕಣ್ಣಿಗೆ ಬೀಳದಂತೆ ಗುಡ್ಡ ಸುತ್ತಿಕೊಂಡು ಕೆಲಸಕ್ಕೆ ಹೋಗುತ್ತಿದ್ದಾನೆ.

ಆಶಾ